ಬೆನ್ನು ಮಾತ್ರ ಕಂಡವರು

ರಾಜ್ಯೋತ್ಸವದ ದಿನ ಹುಡುಗಿಯರಿಂದ ನಾಡಗೀತೆ ಹಾಡಿಸುವ ಕೆಲಸ ಪ್ರತಿ ವರ್ಷವೂ ನನ್ನ ಪಾಲಿಗೇ. ಶಿರಾ, ಕೊರಟಗೆರೆ, ಪಾವಗಡ ಎಂದು ಸುತ್ತಿ ಈಗ ಮಧುಗಿರಿಗೆ ಬಂದಿದ್ದೇನೆ. ಊರು ಬದಲಾದರೂ ಈ ಕೆಲಸ ತಪ್ಪಲಿಲ್ಲ. ಅತಿಥಿಗಳಿಗೆ ಬೆನ್ನು ಮಾಡಿ ನಿಂತು ಕೈಯಾಡಿಸುತ್ತೇನೆ. ಹಾಡು ಮುಗಿದರೆ ಚಪ್ಪಾಳೆ ಮಕ್ಕಳಿಗೆ. ಆಗಬೇಕಾದದ್ದೂ ಹಾಗೆಯೇ ಅನ್ನಿ. ಅದಕ್ಕೇ ಇರಬೇಕು, ಇಸ್ಸೈ ಡೊಬ್ರೊವೆನ್ ಎಂಬ ಹೆಸರು ಕಣ್ಣಿಗೆ ಬಿದ್ದಾಗ ಮನಸ್ಸು ಅಲ್ಲೇ ನಿಂತುಬಿಟ್ಟಿತು.

ಜಯಚಾಮರಾಜ ಒಡೆಯರ ಬಗ್ಗೆ ಪಾಠಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದವರು. ಪಾಶ್ಚಾತ್ಯ ಸಂಗೀತದ ಮೇಲೂ ಅವರಿಗೆ ಅಷ್ಟೇ ಪ್ರೀತಿ. ಪಿಯಾನೋ ವಾದಕರಾಗಬೇಕೆಂಬ ಆಸೆಯಿದ್ದವರಿಗೆ 1940ರಲ್ಲಿ ಸಿಕ್ಕಿದ್ದು ಸಿಂಹಾಸನ.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರಿದ್ದರು. 1921ರಲ್ಲಿ ತಾಯ್ನಾಡು ಬಿಟ್ಟವರು. ವಯಸ್ಸಾಗಿತ್ತು, ಕಾಯಿಲೆ ಬೇರೆ. ಅವರ ಸಂಗೀತ ಕೇಳುವವರೂ ಕಡಿಮೆಯೇ. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಎಚ್‌.ಎಂ.ವಿ. ತಟ್ಟೆಗಳಿಗೆ ಇಳಿಸಲು ನಮ್ಮ ಮಹಾರಾಜರು ಹಣ ಕೊಟ್ಟರು. ಮೆಟ್ನರ್ ಸೊಸೈಟಿ ಹುಟ್ಟಿದ್ದು ಹೀಗೆ.

1947ರಲ್ಲಿ ಅವರ ಮೂರೂ ಪಿಯಾನೋ ಕನ್ಸರ್ಟೊಗಳು ಮುದ್ರಣವಾದವು. ಕನ್ಸರ್ಟೊ ಎಂದರೆ ಸಿಂಫನಿಯ ತಂಗಿ ಎನ್ನಬಹುದು. ಒಬ್ಬರು ಮುಖ್ಯ ವಾದಕರು, ಅವರ ಜೊತೆಗೆ ಇಡೀ ವಾದ್ಯವೃಂದ. ಇಲ್ಲಿ ಪಿಯಾನೋ ಮುಂದೆ ಮೆಟ್ನರ್, ಜೊತೆಗೆ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಮೊದಲನೆಯದಕ್ಕೆ ವೃಂದವನ್ನು ನಡೆಸಿದವರು ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಡೊಬ್ರೊವೆನ್.

ಡೊಬ್ರೊವೆನ್ ಹುಟ್ಟಿದ್ದು 1891ರಲ್ಲಿ, ರಷ್ಯದ ನಿಜ್ನಿ ನವ್ಗೊರೊದ್‌ನಲ್ಲಿ. ಅವರೂ ಒಳ್ಳೆಯ ಪಿಯಾನೋ ವಾದಕರೇ. ಡ್ರೆಸ್ಡನ್, ಸ್ಯಾನ್‌ಫ್ರಾನ್ಸಿಸ್ಕೊ ಎಂದು ಊರೂರು ಅಲೆದು, ಮಹಾಯುದ್ಧದ ಕಾಲದಲ್ಲಿ ಸ್ವೀಡನ್ನಿನಲ್ಲಿದ್ದು, 1953ರಲ್ಲಿ ಓಸ್ಲೊದಲ್ಲಿ ತೀರಿಕೊಂಡರು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೈದು ನಿಮಿಷದ ಸಂಗೀತ ಮಾತ್ರ. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ತುಂಡು ತುಂಡಾಗಿ ನುಡಿಸಬೇಕು. ನಿಲ್ಲಿಸಿದಲ್ಲಿಂದಲೇ, ಅದೇ ಕಾಲಪ್ರಮಾಣ, ಅದೇ ಭಾವ ಹಿಡಿದು ಮತ್ತೆ ಎತ್ತಿಕೊಳ್ಳಬೇಕು. ಆ ಎಳೆ ಕಡಿಯದಂತೆ ನೋಡಿಕೊಳ್ಳುವುದು ಬೆನ್ನು ತಿರುಗಿಸಿ ನಿಂತವರ ಹೊಣೆ. ಅವರ ಕೈಯಿಂದ ಒಂದು ಸ್ವರವೂ ಹೊರಡುವುದಿಲ್ಲ ನೋಡಿ!

ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದಾಗ ಪಾವಗಡದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಆ ದುಡ್ಡಲ್ಲಿ ನಮ್ಮ ಊರೋರ ಕಂದಾಯಾನೂ ಇತ್ತಾ?"

ಮಳೆ ಕೈಕೊಡುವ ಸೀಮೆಯ ಮಗು ಕೇಳಬೇಕಾದ ಪ್ರಶ್ನೆಯೇ. ಅರಮನೆಯ ಖರ್ಚಿಗೆ ಹಣ ಬರುತ್ತಿದ್ದುದು ಸಂಸ್ಥಾನದ ಬೊಕ್ಕಸದಿಂದ. ಬೊಕ್ಕಸ ತುಂಬುತ್ತಿದ್ದವರಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ರೈತರೂ ಇದ್ದರು. ಅದೇ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ಜನ 'ಮೈಸೂರು ಚಲೋ' ಚಳವಳಿಗೆ ಇಳಿದದ್ದನ್ನೂ ಹೇಳಿದೆ. "ಇತ್ತು ಕಣಮ್ಮ" ಎಂದೆ. ಮಹಾರಾಜರು ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನನ್ನಿಂದಾಗಲಿಲ್ಲ. ಅವರು ಕೈಹಿಡಿಯದಿದ್ದರೆ, 1951ರಲ್ಲಿ ತೀರಿಹೋದ ಆ ಮುದುಕರ ಕೈಯಲ್ಲಿ ಈ ಕನ್ಸರ್ಟೊಗಳು ಹೇಗೆ ಮೂಡಿದವೆಂದು ನಾವು ಕೇಳುತ್ತಿರಲಿಲ್ಲ. ಅದೂ ನಿಜ, ಹುಡುಗಿಯ ಪ್ರಶ್ನೆಯೂ ನಿಜ.

ಮರುದಿನ ತಂಗಿಯ ಮಗ ಮೊಬೈಲಿಗೆ ಹಾಕಿಕೊಟ್ಟಿದ್ದ ಮೂರನೆಯ ಕನ್ಸರ್ಟೊವನ್ನು ತರಗತಿಯಲ್ಲಿ ಕೇಳಿಸಿದೆ. ಕೆಲವರು ಆಕಳಿಸಿದರು. ಪಾವಗಡದವಳು ಮಾತ್ರ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಗಂಟೆ ಹೊಡೆದಾಗ ಹತ್ತಿರ ಬಂದು, "ಇನ್ನೊಂದ್ ಸಲ ಹಾಕ್ತೀರಾ ಮಿಸ್? ನಮ್ಮದೂ ಅಲ್ವಾ?" ಎಂದಳು.