ರಿಪೇರಿಗೆ ಬಂದ ಕಂಪ್ಯೂಟರಿಗೆ ಫೈಲು ಕೊಡುವ ದಾರಿ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರಿಪೇರಿಗೆ ಬರುವ ಕಂಪ್ಯೂಟರುಗಳಲ್ಲಿ ಯಾವುದಕ್ಕೆ ವೈರಸ್ ತಗುಲಿದೆ ಎಂದು ನೋಡಿದೊಡನೆ ಹೇಳಲಾಗದು. ಆದರೂ ಎಲ್ಲಕ್ಕೂ ಡ್ರೈವರ್, ಆಂಟಿವೈರಸ್, ಅಪ್‌ಡೇಟ್ ಹಾಕಲೇಬೇಕು. ಎಷ್ಟೋ ಸಲ ಗಿರಾಕಿಯ ಫೋಟೊ, ಲೆಕ್ಕಪತ್ರಗಳನ್ನೂ ಈಚೆಗೆ ತೆಗೆದಿಡಬೇಕು. ಹಾಗೆ ಕೊಟ್ಟು ತೆಗೆದುಕೊಳ್ಳುವಾಗ ಒಂದರ ಸೋಂಕು ಪಕ್ಕದ ಮೇಜಿನ ಇನ್ನೊಂದಕ್ಕೆ ದಾಟಬಾರದು. ಈ ತೊಡಕು ಪಿಸಿ ವೈರಸ್ಸಿನಷ್ಟೇ ಹಳೆಯದು.

1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್. ಅದು ಕೂತಿದ್ದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ. ಆ ಕಾಲದ ಮೆಕ್ಯಾನಿಕ್ಕಿಗೆ ಒಂದು ಗಟ್ಟಿ ರಕ್ಷಣೆಯಿತ್ತು: ಐದೂಕಾಲು ಇಂಚಿನ ಫ್ಲಾಪಿಯ ಅಂಚಿನ ಕಚ್ಚಿಗೆ ಸ್ಟಿಕರ್ ಅಂಟಿಸಿದರೆ, ಮೂರೂವರೆ ಇಂಚಿನದರ ಮೂಲೆಯ ಪುಟ್ಟ ಕಿಟಕಿ ತೆರೆದಿಟ್ಟರೆ, ಅದರ ಮೇಲೆ ಬರೆಯಲು ಆಗುತ್ತಿರಲಿಲ್ಲ. ತಡೆಯುತ್ತಿದ್ದುದು ಡ್ರೈವಿನೊಳಗಿನ ಸರ್ಕ್ಯೂಟ್. ವೈರಸ್ ಎಷ್ಟೇ ಚಾಲಾಕಿಯಾದರೂ ಬರೀ ಸಾಫ್ಟ್‌ವೇರಿನಿಂದ ಅದನ್ನು ಮೀರಲಾಗದು. ಮುಂದೆ ಸಿ.ಡಿ.ಗಳೂ ಇದೇ ಕೆಲಸ ಮಾಡಿದವು. ಒಮ್ಮೆ ಬರೆದು ಮುಗಿಸಿದ ಟೂಲ್ ಸಿ.ಡಿ.ಯನ್ನು ನೂರು ಕಂಪ್ಯೂಟರಿಗೆ ಹಾಕಿದರೂ ಅದು ಕೆಡುತ್ತಿರಲಿಲ್ಲ.

ಪೆನ್‌ಡ್ರೈವ್ ಬಂದು ಈ ಭದ್ರತೆ ಹೋಯಿತು. ಬಹುಪಾಲು ಪೆನ್‌ಡ್ರೈವ್‌ಗಳಲ್ಲಿ ಬರೆಯುವುದನ್ನು ತಡೆಯುವ ಸ್ವಿಚ್ಚೇ ಇಲ್ಲ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ‘ಲಾಕ್’ ಗುಂಡಿಯನ್ನೂ ಪೂರ್ತಿ ನಂಬುವಂತಿಲ್ಲ. ಅದು ರೀಡರಿಗೆ ಕೊಡುವ ಸೂಚನೆ ಅಷ್ಟೇ, ಕಾರ್ಡಿನೊಳಗೆ ಏನನ್ನೂ ತಡೆಯುವುದಿಲ್ಲ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ವರ್ಮ್ (ತಾನಾಗಿ ಹರಡುವ ವೈರಸ್), ಅದರ ಮುಂದಿನ ರೂಪಗಳೂ ಸೇರಿ, ಮೂರು ದಾರಿಯಲ್ಲಿ ಹರಡಿತು: ವಿಂಡೋಸಿನ ದೋಷ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡಿನ ಷೇರ್ ಫೋಲ್ಡರು, ಪೆನ್‌ಡ್ರೈವಿನ ಆಟೋರನ್. ರಿಪೇರಿ ಅಂಗಡಿಯಲ್ಲಿ ದಿನವೂ ಬಳಕೆಯಲ್ಲಿದ್ದ ದಾರಿಗಳೇ ಅವು. ಹಳೆಯ ವಿಂಡೋಸ್‌ಗಳಲ್ಲಿ ಪೆನ್‌ಡ್ರೈವ್ ಚುಚ್ಚಿದೊಡನೆ ಪ್ರೋಗ್ರಾಂ ಓಡುವುದನ್ನು ನಿಲ್ಲಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ತಲುಪಿಸಿದ್ದು 2011ರ ಫೆಬ್ರವರಿಯಲ್ಲಿ. ಬಹಳ ತಡವಾಗಿತ್ತು.

ನೆಟ್‌ವರ್ಕಿನ ಕಥೆ ಇನ್ನೂ ಕಷ್ಟದ್ದು. 2003ರ ಆಗಸ್ಟಿನಲ್ಲಿ ‘ಬ್ಲಾಸ್ಟರ್’ ಹಬ್ಬಿದಾಗ, ಆಗಷ್ಟೇ ಎಕ್ಸ್‌ಪಿ ಹಾಕಿದ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿದರೆ ಪ್ಯಾಚ್ ಇಳಿಯುವ ಮೊದಲೇ ವರ್ಮ್ ಒಳಗಿರುತ್ತಿತ್ತು. ಅರವತ್ತು ಸೆಕೆಂಡಿನ ಎಣಿಕೆ ತೋರಿಸಿ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತಿತ್ತು. 2017ರ ಮೇ 12ರಂದು ‘ವನ್ನಾಕ್ರೈ’ ವರ್ಮ್ ಎಸ್‌ಎಂಬಿ ಎಂಬ ಫೈಲ್ ಹಂಚಿಕೆಯ ವ್ಯವಸ್ಥೆಯ ಹಳೇ ಆವೃತ್ತಿಯನ್ನೇ ಹಿಡಿದು ಬಂತು. ಅದಕ್ಕೆ ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು. ಮರುವರ್ಷದ ಆಗಸ್ಟಿನಲ್ಲಿ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿಯ ಕಾರ್ಖಾನೆಗಳು ಇದರದೇ ಒಂದು ತಳಿಯಿಂದ ನಿಂತವು. ಹೊಸ ಯಂತ್ರವೊಂದನ್ನು ಪರೀಕ್ಷಿಸದೆ ನೆಟ್‌ವರ್ಕಿಗೆ ಸೇರಿಸಿದ್ದೇ ಕಾರಣ. ಆ ತ್ರೈಮಾಸಿಕದ ಆದಾಯದಲ್ಲಿ ಸುಮಾರು ಶೇ. 3ರಷ್ಟಕ್ಕೆ ಪೆಟ್ಟು ಬೀಳುತ್ತದೆ ಎಂದು ಕಂಪನಿಯೇ ಪ್ರಕಟಿಸಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದ ಮೇಲೆ, ಒಂದೇ ಸ್ವಿಚ್ಚಿಗೆ ಹತ್ತಾರು ಅಪರಿಚಿತ ಕಂಪ್ಯೂಟರುಗಳನ್ನು ಸಿಕ್ಕಿಸುವ ಅಂಗಡಿಯ ಅಪಾಯ ಸಣ್ಣದಲ್ಲ.

2017ರ ಜೂನಿನ ‘ನಾಟ್‌ಪೆಟ್ಯ’ ವರ್ಮ್ ಇನ್ನೊಂದು ಪಾಠ ಕಲಿಸಿತು. ಅದು ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದ ಅಡ್ಮಿನ್ ಲಾಗಿನ್ ವಿವರ ಕದ್ದು, ಪ್ಯಾಚ್ ಹಾಕಿದ ಯಂತ್ರಗಳಿಗೂ ನುಗ್ಗಿತು. ಅಂದರೆ ಗಿರಾಕಿಯ ಕಂಪ್ಯೂಟರಿನಲ್ಲಿ ಕೂತು ಅಂಗಡಿಯ ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಹೊಡೆಯುವುದೆಂದರೆ ಬೀಗದ ಕೈಯನ್ನು ಕಳ್ಳನ ಕೈಗೇ ಕೊಟ್ಟಂತೆ.

ಈ ಪೆಟ್ಟುಗಳಿಂದ ರೂಢಿಗೆ ಬಂದ ಕ್ರಮದ ತಿರುಳು ಫ್ಲಾಪಿ ಕಾಲದ್ದೇ: ಕೊಡುವ ದಾರಿಯಲ್ಲಿ ಬರೆಯಲು ಅವಕಾಶವಿರಬಾರದು. ರಿಪೇರಿ ಮೇಜಿಗೆ ಪ್ರತ್ಯೇಕ ವಿಎಲ್ಯಾನ್, ಅಂದರೆ ಸ್ವಿಚ್ಚಿನೊಳಗೇ ಬೇರ್ಪಡಿಸಿದ ನೆಟ್‌ವರ್ಕ್. ಅದರಲ್ಲಿ ಪೋರ್ಟ್ ಐಸೊಲೇಶನ್ ಹಾಕಿದರೆ ಪ್ರತಿ ಯಂತ್ರಕ್ಕೂ ಸರ್ವರ್ ಮತ್ತು ಇಂಟರ್‌ನೆಟ್ ಮಾತ್ರ ಕಾಣುತ್ತದೆ, ಪಕ್ಕದ ಯಂತ್ರ ಕಾಣುವುದಿಲ್ಲ. ಟೂಲುಗಳು ಲಿನಕ್ಸ್ ಸರ್ವರಿನಲ್ಲಿ, ಓದಲಷ್ಟೇ ಅನುಮತಿಯೊಂದಿಗೆ. ಬರೀ ಡೌನ್‌ಲೋಡಿಗೆ ಎಸ್‌ಎಂಬಿ ಬೇಕಿಲ್ಲ. ಬ್ರೌಸರಿನಿಂದ ಇಳಿಸಿಕೊಳ್ಳುವ ಸರಳ ವೆಬ್ ಸರ್ವರ್ ಸಾಕು, ಅಲ್ಲಿ ಪಾಸ್‌ವರ್ಡೂ ಬೇಡ. ಸರ್ವರಿನೊಳಗಿನ ಫೈಲು ಬದಲಿಸುವುದಿದ್ದರೆ ಅಂಗಡಿಯ ಶುದ್ಧ ಕಂಪ್ಯೂಟರಿನಿಂದ ಮಾತ್ರ.

ಗಿರಾಕಿಯ ಡೇಟಾ ತೆಗೆಯುವ ದಾರಿಯೇ ಬೇರೆ. ಸೋಂಕಿತ ವಿಂಡೋಸನ್ನು ಆನ್ ಮಾಡುವ ಗೋಜಿಗೆ ಹೋಗದೆ, ಡಿಸ್ಕನ್ನು ಬಿಚ್ಚಿ ಲಿನಕ್ಸ್ ಯಂತ್ರಕ್ಕೆ ‘ರೀಡ್ ಓನ್ಲಿ’ಯಾಗಿ ಜೋಡಿಸಿ, ದಾಖಲೆಗಳನ್ನಷ್ಟೇ ಬೇರೆ ಡಿಸ್ಕಿಗೆ ನಕಲು ಮಾಡಿ, ಸ್ಕ್ಯಾನ್ ಮಾಡಿ ಹಿಂತಿರುಗಿಸುವುದು ಒಳ್ಳೆಯ ಅಭ್ಯಾಸ. 2000ನೇ ಇಸವಿಯಲ್ಲಿ ಜರ್ಮನಿಯ ಕ್ಲೌಸ್ ಕ್ನಾಪರ್ ಹೊರತಂದ ‘ಕ್ನಾಪಿಕ್ಸ್’ನಂಥ ಲೈವ್ ಸಿ.ಡಿ.ಗಳು (ಸಿ.ಡಿ.ಯಿಂದಲೇ ಓಡುವ ಲಿನಕ್ಸ್) ಡಿಸ್ಕ್ ಬಿಚ್ಚದೆಯೇ ಈ ಕೆಲಸ ಮಾಡುವುದನ್ನು ಕಲಿಸಿದವು.

ಈಗ ಇಲ್ಲೂ ಒಂದು ಹೊಸ ತಡೆ ಬಂದಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ವಿಂಡೋಸ್ 11 ಶುರು ಮಾಡಿದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುವುದು ಸಾಮಾನ್ಯವಾಗಿದೆ. ಕಳ್ಳತನವಾದರೆ ಇದೇ ಕಾಪಾಡುತ್ತದೆ, ಆದರೆ 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಬಿಚ್ಚಿದ ಡಿಸ್ಕಿನಿಂದ ಒಂದು ಫೋಟೊ ಕೂಡ ಸಿಗದು. ಆದ್ದರಿಂದ ಕಂಪ್ಯೂಟರನ್ನು ರಿಪೇರಿಗೆ ಕೊಡುವವರು ಖಾತೆಗೆ ಲಾಗಿನ್ ಆಗಿ ಆ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಲಿ, ಬ್ಯಾಕಪ್ ತೆಗೆದಿಡಲಿ. ‘ನನ್ನ ಯಂತ್ರವನ್ನು ಯಾವ ನೆಟ್‌ವರ್ಕಿಗೆ ಹಾಕುತ್ತೀರಿ?’ ಎಂದು ಅಂಗಡಿಯವರನ್ನು ಸಂಕೋಚವಿಲ್ಲದೆ ಕೇಳಲಿ.