ಟೆನ್ನಿಸ್ ಕ್ರೀಡೆಯ ವೀರವನಿತೆಯರು

ಟೆನ್ನಿಸ್ ಪಂದ್ಯಗಳ ವಾರ್ತೆಯಲ್ಲಿ ಸ್ತ್ರೀಯರ ಹೆಸರು ಪುರುಷರ ಹೆಸರಿನೊಡನೆ ಸರಿಸಮನಾಗಿ ಕೇಳಿಬರುವುದನ್ನು ಶ್ರೋತೃಗಳು ಬಲ್ಲರು. ಈ ಸಮತ್ವವು ಅನಾಯಾಸವಾಗಿ ಲಭಿಸಿದುದಲ್ಲ. ಅದು ಬಂದ ದಾರಿಯನ್ನು ನಾವೀಗ ಕೊಂಚ ಪರಿಶೀಲಿಸೋಣ.

ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಪುರುಷರ ಪಂದ್ಯಗಳು 1877ರಲ್ಲಿಯೇ ಆರಂಭವಾದುವು. ಸ್ತ್ರೀಯರಿಗೆ ಪ್ರವೇಶ ದೊರೆತುದು ಏಳು ವರ್ಷಗಳ ತರುವಾಯ, 1884ರಲ್ಲಿ. ಆ ಸಲ ಸ್ಪರ್ಧಿಸಿದವರು 13 ಮಂದಿ ಮಾತ್ರ. ಕಡೆಯ ಆಟದಲ್ಲಿ ಇದಿರಾದವರು ಒಡಹುಟ್ಟಿದ ಅಕ್ಕತಂಗಿಯರು. ತಂಗಿಯಾದ ಮಾಡ್ ವಾಟ್ಸನ್ ಅಕ್ಕನಾದ ಲಿಲಿಯನ್ನಳನ್ನು ಗೆದ್ದಳು. 1887ರಲ್ಲಿ 15 ವರ್ಷದ ಲಾಟಿ ಡಾಡ್ ಎಂಬ ಬಾಲೆ ವಿಜಯಿಯಾದಳು. ಶಾಲೆಯ ವಯಸ್ಸಿನವಳಾದುದರಿಂದ ಹಿರಿಯರಿಗಿಂತ ಗಿಡ್ಡನೆಯ ಲಂಗವನ್ನು ತೊಡಲು ಅವಳಿಗೆ ಅವಕಾಶವಿದ್ದಿತು. ಪ್ರೌಢ ಸ್ತ್ರೀಯರಾದರೋ ಕಾಲು ತೊಡರುವ ನಿಲುವಂಗಿಯಲ್ಲಿಯೇ ಓಡಬೇಕಾಗಿದ್ದಿತು.

ಈ ಕಟ್ಟನ್ನು ಬಿಡಿಸಿದವಳು ಫ್ರಾನ್ಸ್ ದೇಶದ ಸುಜಾನ್ ಲಾಂಗ್ಲೆನ್. 1919ರಲ್ಲಿ, ಮಹಾಯುದ್ಧದಿಂದ ನಿಂತಿದ್ದ ಪಂದ್ಯಗಳು ಮರಳಿ ನಡೆದಾಗ, ಈಕೆಗೆ 20 ವರ್ಷ. ಇದಿರಾಳಿ ಡೊರೊತಿಯಾ ಲ್ಯಾಂಬರ್ಟ್ ಚೇಂಬರ್ಸ್. ಏಳು ಸಲ ಗೆದ್ದವಳು, ವಯಸ್ಸು 40. ಒಬ್ಬಳದು ಪಾದದವರೆಗಿನ ಹಳೆಯ ಉಡುಪು. ಮತ್ತೊಬ್ಬಳದು ಮೀನಖಂಡದವರೆಗಿನ ಹಗುರವಾದ ಅಂಗಿ. ಅರಸ ಐದನೆಯ ಜಾರ್ಜರೂ ರಾಣಿ ಮೇರಿಯವರೂ ನೋಡುತ್ತಿದ್ದರು. ಮೊದಲನೆಯ ಸೆಟ್ಟು 10–8ರಂತೆ ಸುಜಾನಳಿಗೆ, ಎರಡನೆಯದು 6–4ರಂತೆ ಚೇಂಬರ್ಸಳಿಗೆ ಸಂದಿತು. ಮೂರನೆಯದರಲ್ಲಿ ಒಂದೇ ಒಂದು ಅಂಕ ಬಂದರೆ ಚೇಂಬರ್ಸಳಿಗೆ ಜಯವೆಂಬ ಗಳಿಗೆ ಎರಡು ಸಲ ಒದಗಿತು. ಎರಡು ಸಲವೂ ಸುಜಾನ್ ಪಾರಾದಳು. ಕೊನೆಗೆ 9–7ರಂತೆ ಗೆದ್ದಳು. ಅಂದು ಆಡಿದುದು 44 ಗೇಮುಗಳು. ಸ್ತ್ರೀಯರಿಗೆ ದೇಹಶ್ರಮ ಸಲ್ಲದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ. ಸೋತವಳೂ ಆ ಉತ್ತರದಲ್ಲಿ ಸಮಭಾಗಿನಿ.

ವಿಂಬಲ್ಡನ್ನಿನಲ್ಲಿ ಆರು ಸಲ ಗೆದ್ದ ಸುಜಾನ್ 1926ರಲ್ಲಿ ಹಣ ಪಡೆದು ಆಡುವ ವೃತ್ತಿಯನ್ನು ಹಿಡಿದಳು. ಆಟದಿಂದ ಸಂಘಗಳು ಸಂಪಾದಿಸಬಹುದು, ಆಡುವವರು ಮಾತ್ರ ಸಂಪಾದಿಸಬಾರದು ಎಂಬ ನಿಯಮವು ಅನ್ಯಾಯವೆಂದು ಆಕೆಯ ಮತ. ಅದರ ಫಲವಾಗಿ ದೊಡ್ಡ ಪಂದ್ಯಗಳ ಬಾಗಿಲು ಆಕೆಗೆ ಮುಚ್ಚಿತು. ಆಕೆ 1938ರಲ್ಲಿ ತೀರಿಕೊಂಡಳು. ವೃತ್ತಿಯ ಆಟಗಾರರಿಗೆ ವಿಂಬಲ್ಡನ್ ಪಂದ್ಯಗಳು ತೆರೆದುದು 1968ರಲ್ಲಿ. ಅಲ್ಲಿ ಸ್ತ್ರೀಪುರುಷರಿಗೆ ಸಮಾನ ಬಹುಮಾನ ದೊರೆತುದು 2007ರಲ್ಲಿ.

ನಮ್ಮ ದೇಶದ ಲೀಲಾ ರಾವ್ 1934ರಲ್ಲಿ ಅದೇ ವಿಂಬಲ್ಡನ್ನಿನಲ್ಲಿ ಒಂದು ಪಂದ್ಯವನ್ನು ಗೆದ್ದು, ಅಲ್ಲಿ ಜಯ ಪಡೆದ ಪ್ರಥಮ ಭಾರತೀಯ ಮಹಿಳೆಯೆನಿಸಿದಳು. ಬಿತ್ತಿದವರಿಗೆ ಫಲ ದೊರೆಯದಿದ್ದರೂ ಬೆಳೆ ನಿಲ್ಲಲಿಲ್ಲ. ಇಂದು ನಮ್ಮ ಹೆಣ್ಣುಮಕ್ಕಳು ರ್ಯಾಕೆಟ್ಟನ್ನು ಹಿಡಿದು ನಿಸ್ಸಂಕೋಚವಾಗಿ ಬಯಲಿಗಿಳಿಯುವಾಗ ಈ ಪೂರ್ವಿಕರ ಋಣವನ್ನು ನಾವು ನೆನೆಯುವುದು ಉಚಿತ.