ಮೂರು ನಿಮಿಷದ ದೇವರನಾಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಕೊಬ್ಬರಿಯ ಸ್ಥಾನ. ಹತ್ತು ಹನ್ನೆರಡು ತಿಂಗಳು ಅಲ್ಲಿ ಬಿದ್ದಿದ್ದ ಕಾಯಿ ಒಳಗೇ ಒಣಗಿ, ಅಲುಗಿಸಿದರೆ ಗಡಗಡ ಎಂದಾಗ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಲೆಕ್ಕ. ಮನೆಗೆ ಬೇಡವಾದ ವಸ್ತುಗಳೂ ಕಡೆಗೆ ಸೇರುವುದು ಅಟ್ಟವನ್ನೇ. ನಿಮ್ಮ ಅಟ್ಟದ ಮೂಲೆಯಲ್ಲಿ ಹಿರಿಯರ ಕಾಲದ ಗ್ರಾಮಫೋನ್ ಪ್ಲೇಟುಗಳ ಪೆಟ್ಟಿಗೆಯೊಂದು ಇದ್ದರೆ, ಈ ನಾಲ್ಕು ಮಾತು ಓದಿದ ಮೇಲೆ ದಯಮಾಡಿ ಅದನ್ನು ಕೆಳಗಿಳಿಸಿ.

ನಮ್ಮ ದೇಶದಲ್ಲಿ ಈ ಪ್ಲೇಟುಗಳಿಗಾಗಿ ಧ್ವನಿಮುದ್ರಣ ಮೊದಲಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆ ವರ್ಷ ಗೋಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ತುತ್ತೂರಿಯ ಬಾಯಿಗೆ ಎದುರಾಗಿ ನಿಂತು ಹಾಡಿದರು. ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಪ್ಲೇಟು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದೇ ಆ ಕೂಗು! ಇದೇ ಗೋಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಎಂದರೆ ಸುಮಾರು 234 ಸುತ್ತು. ಅಷ್ಟರೊಳಗೆ ಎಲ್ಲವೂ ಮುಗಿಯಬೇಕು. ಗಂಟೆಗಟ್ಟಲೆ ರಾಗ ವಿಸ್ತರಿಸಬಲ್ಲ ವಿದ್ವಾಂಸರಿಗೆ ಇದು ಎಂಥ ಇಕ್ಕಟ್ಟು ಎಂಬುದನ್ನು ನೀವೇ ಊಹಿಸಿ. ಆದರೆ ಈ ಇಕ್ಕಟ್ಟಿಗೆ ಹೇಳಿ ಮಾಡಿಸಿದ ರಚನೆಯೊಂದು ಕನ್ನಡದಲ್ಲಿ ಮೊದಲೇ ಇತ್ತು. ಅದೇ ದೇವರನಾಮ. ಒಂದು ಪಲ್ಲವಿ, ಎರಡು ಮೂರು ಚರಣ, ಕೊನೆಯಲ್ಲಿ ದಾಸರ ಅಂಕಿತ. ಮುಳ್ಳು ನಡುವಿನ ಚೀಟಿಯನ್ನು ಮುಟ್ಟುವ ಮೊದಲು ಪುರಂದರ ವಿಠಲನ ಹೆಸರು ಬಂದರೆ ಹಾಡು ಸಂಪೂರ್ಣ.

ಈ ಕಟ್ಟುಪಾಡನ್ನೇ ವರವಾಗಿ ಮಾಡಿಕೊಂಡವರಲ್ಲಿ ಬಿ. ಎಸ್. ರಾಜಯ್ಯಂಗಾರ್ಯರು ಮುಖ್ಯರು. ಕಾಪಿ ರಾಗದ 'ಜಗದೋದ್ಧಾರನ' ಅವರ ಪ್ಲೇಟಿನಿಂದ ಮನೆಮಾತಾಯಿತು. ಜಗತ್ತನ್ನು ಉದ್ಧರಿಸುವವನನ್ನೇ ತಾಯಿ ಯಶೋದೆ ತನ್ನ ಮಗುವೆಂದು ಆಡಿಸುವ ಪ್ರಸಂಗ ಅದು. ಅನಂತರ ಎಂ. ಎಸ್. ಸುಬ್ಬುಲಕ್ಷ್ಮಿಯವರೂ ಅದೇ ಹಾಡನ್ನು ಹಾಡಿದರು, ದೇಶವೆಲ್ಲ ಕೇಳಿತು. ಇಂದು ಹಾಡನ್ನು ಬಲ್ಲವರು ಅಸಂಖ್ಯ. ಅದನ್ನು ಮೊದಲು ಮನೆಮನೆಗೆ ತಲುಪಿಸಿದವರ ಹೆಸರು ಬಲ್ಲವರು ಎಷ್ಟು ಮಂದಿ? ಪಿ. ಕಾಳಿಂಗರಾಯರು ಇದೇ ಬಗೆಯ ಪ್ಲೇಟುಗಳಿಂದ ಭಾವಗೀತೆಯನ್ನು ಜನರ ನಾಲಗೆಗೆ ತಂದರು. ಅವರ ಹೆಸರಾದರೂ ಉಳಿಯಿತು. ಒಂದೆರಡು ಪ್ಲೇಟು ಕೊಟ್ಟು ಮರೆಯಾದ ಗಾಯಕರ ಪಾಡೇನು? ಪ್ಲೇಟು ಒಡೆದರೆ ಆ ಕಂಠವೂ ಹೋದಂತೆಯೇ.

ಒಡೆಯುವುದೂ ಬಲು ಸುಲಭ. ಈ ಪ್ಲೇಟಿನ ಜೀವಾಳ ಅರಗು. ಮರದ ಕೊಂಬೆಯಲ್ಲಿ ಹುಳು ಕಟ್ಟುವ ಅರಗನ್ನು ಶುದ್ಧಮಾಡಿ, ಕಲ್ಲಿನ ಪುಡಿ ಬೆರೆಸಿ ಒತ್ತಿದ ವಸ್ತು ಅದು. ಕೈಜಾರಿದರೆ ಚೂರು, ಕಾವು ತಗಲಿದರೆ ಸೊಟ್ಟ. 1970ರ ದಶಕದ ಹೊತ್ತಿಗೆ ನಮ್ಮಲ್ಲಿ ಇದರ ತಯಾರಿಕೆಯೂ ನಿಂತಿತು. ಇರುವುದಷ್ಟೇ ಇನ್ನು ಉಳಿದ ಆಸ್ತಿ.

ಆದುದರಿಂದ, ಕೊಬ್ಬರಿಗೆ ಒಳ್ಳೆಯದಾದ ಅಟ್ಟದ ಕಾವು ಪ್ಲೇಟಿಗೆ ಕೇಡು ಎಂಬುದನ್ನು ನೆನಪಿಡಿ. ತಂಪಾದ ಒಣ ಜಾಗದಲ್ಲಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಬೇಡಿ. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರಸಿ. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಅರಗು ಕರಗುತ್ತದೆ. ಲಾಂಗ್ ಪ್ಲೇ ರೆಕಾರ್ಡಿನ ಸಣ್ಣ ಮುಳ್ಳು ಇದರ ಅಗಲವಾದ ಗೆರೆಗೆ ಹೊಂದುವುದಿಲ್ಲ; ಇದಕ್ಕೆ ಬೇರೆಯದೇ ಮುಳ್ಳು ಬೇಕು. ಬಲ್ಲವರಿಂದ ಒಮ್ಮೆ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡರೆ ಮತ್ತೆ ಮತ್ತೆ ಸವೆಸಬೇಕಾಗಿಲ್ಲ. ಚೀಟಿಯ ಮೇಲಿನ ಹೆಸರನ್ನೂ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಗೋಹರ್ ಜಾನರಂತೆ ಎಲ್ಲರೂ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿಲ್ಲ. ಅವರ ಪರವಾಗಿ ಅದನ್ನು ಹೇಳಬೇಕಾದವರು ನೀವು.